ಬಲಗಡೆ ಜಾಗ ಬಿಟ್ಟು ನಡೆಯುತ್ತಿದ್ದ ರೊಟ್ಟಿಯವ್ವ

ರೊಟ್ಟಿಯವ್ವನ ಬಲಗೈ ಯಾವಾಗಲೂ ಸೊಂಟದ ಎತ್ತರಕ್ಕೆ ಎದ್ದೇ ಇರುತ್ತಿತ್ತು. ಅಂಗೈ ಕೆಳಮುಖ, ಬೆರಳುಗಳು ತುಸು ಬಾಗಿ, ಬೆಚ್ಚಗಿನ ಯಾವುದರದೋ ಬೆನ್ನಿನ ಮೇಲೆ ಊರಿಟ್ಟ ಹಾಗೆ. ಕೈಯ ಕೆಳಗೆ ಮಾತ್ರ ಏನೂ ಇರುತ್ತಿರಲಿಲ್ಲ. ಮುಂಬಯಿಯ ಮುಲುಂಡಿನ ಮಾರ್ಕೆಟ್ಟಿನಿಂದ ಈರುಳ್ಳಿ, ಮೆಣಸಿನಕಾಯಿ ಹೊತ್ತು ತರುವಾಗಲೂ ಎರಡು ಚೀಲವನ್ನೂ ಎಡಗೈಗೇ ಸಿಕ್ಕಿಸಿಕೊಂಡು, ಒಂದು ಕಡೆ ವಾಲಿಕೊಂಡು ಬರುತ್ತಿದ್ದಳೇ ಹೊರತು ಬಲಗೈಗೆ ಕೆಲಸ ಕೊಡುತ್ತಿರಲಿಲ್ಲ. ಫುಟ್‌ಪಾತ್ ಕಿರಿದಾದ ಕಡೆ ನಿಲ್ಲುವಳು. ಯಾರನ್ನೋ ಮುಂದೆ ಬಿಟ್ಟವಳ ಹಾಗೆ ಒಂದು ಗಳಿಗೆ ತಡೆದು, ಆಮೇಲೆ ತಾನು ಹೆಜ್ಜೆ ಇಡುವಳು. ಎದುರಿಗೆ ಜನ ಬಂದರೆ, "ತುಸು ಆ ಕಡೆ ಸರೀರಿ, ನಮ್ಮಾಕಿ ಬರ್ತಾಳ" ಅನ್ನುವಳು. ಕನ್ನಡ ಬಾರದ ಮುಲುಂಡಿನವರೂ ಸರಿಯುತ್ತಿದ್ದರು. ಹಿಂದೆ ಮಗುವೋ ಮುದುಕಿಯೋ ಬರುತ್ತಿರಬೇಕೆಂದು ತಿರುಗಿ ನೋಡುತ್ತಿದ್ದರು. ಯಾರೂ ಇರುತ್ತಿರಲಿಲ್ಲ.

ನಮ್ಮ ಓಣಿಯ ನಾಯಿಗಳು ಪೋಸ್ಟ್‌ಮ್ಯಾನ್‌ನಿಂದ ಹಿಡಿದು ಪೊಲೀಸಿನವರೆಗೆ ಎಲ್ಲರಿಗೂ ಬೊಗಳುವಂಥವು. ರೊಟ್ಟಿಯವ್ವ ಬಂದರೆ ಎದ್ದು, ಬಾಲ ಮಡಚಿ, ನಿಂತ ರಿಕ್ಷಾಗಳ ಕೆಳಗೆ ನುಸುಳುತ್ತಿದ್ದವು. ಅಲ್ಲಿಂದ ನೋಡುತ್ತಿದ್ದವು. ನೋಡುತ್ತಿದ್ದದ್ದು ಅವಳನ್ನಲ್ಲ, ಅವಳ ಬಲಕ್ಕೆ.

ನಾನು ಮುಂಬಯಿಯದೇ ಆಂಟಾಪ್ ಹಿಲ್‌ನಲ್ಲಿ ಹುಟ್ಟಿ ಬೆಳೆದವಳು. ಶಾಲೆ ಮರಾಠಿ, ಆಟ ಹಿಂದಿ, ಕನ್ನಡವೆಲ್ಲ ಅಜ್ಜ ಅಜ್ಜಿಯ ಬಾಯಿಂದ ಕಲಿತದ್ದು. ಮದುವೆಯಾಗಿ ಬಂದದ್ದು ಮುಲುಂಡಿನ ಗುಡ್ಡದ ಬುಡದಲ್ಲಿದ್ದ ಒಂದು ಸಣ್ಣ ಉಡುಪಿ ಹೋಟೆಲಿನ ಮನೆಗೆ. ಮುಂದೆ ಹೋಟೆಲು, ಮೇಲೆ ನಮ್ಮ ಮನೆ, ಹಿಂದೆ ಒಂದು ಖೋಲಿ, ಅದರಾಚೆ ಗೋಡೆ, ಗೋಡೆಯಾಚೆ ಕಾಡು. ಬಂದ ಹೊಸತರಲ್ಲಿ, "ಅಷ್ಟು ದೊಡ್ಡ ಮುಂಬಯಿಯಲ್ಲಿ ಚಿರತೆ ಇರುವ ಜಾಗವೇ ಸಿಕ್ಕಿತಾ ನಿಮಗೆ?" ಎಂದು ಕೇಳಿದ್ದೆ. ಅತ್ತೆ, "ಬಾಡಿಗೆ ಕಡಿಮೆ ಮಾರಾಯ್ತಿ. ಚಿರತೆ ಪಗಡಿ ಹಣ ಕೇಳುವುದಿಲ್ಲ" ಅಂದಿದ್ದರು.

ಆ ಹೋಟೆಲಿನಲ್ಲಿ ಇಡ್ಲಿ, ವಡೆಗಳ ಪಕ್ಕದಲ್ಲೇ ಜೋಳದ ರೊಟ್ಟಿ ಸಿಗುತ್ತಿತ್ತು. ಗುಡ್ಡದ ಬುಡದಲ್ಲಿ ಏಳುತ್ತಿದ್ದ ಟವರುಗಳ ಕೆಲಸಕ್ಕೆ ವಿಜಯಪುರ, ಕಲಬುರಗಿ ಕಡೆಯ ಜನ ಬರುತ್ತಿದ್ದರು. ಅವರಿಗಾಗಿ ರೊಟ್ಟಿಯವ್ವ ಬಾಗಿಲ ಬಳಿಯ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಆಗ ಮಾತ್ರ ಅವಳ ಬಲಗೈ ಎಲ್ಲರ ಕೈಯ ಹಾಗೆ ಇರುತ್ತಿತ್ತು. ಅವಳಿಗೂ ಅತ್ತೆಗೂ ದಿನಾ ಜಗಳ, ದಿನಾ ಒಂದೇ ತಟ್ಟೆಯಲ್ಲಿ ಊಟ.

"ಎಂತ ಭಾಷೆ ಮಾರಾಯ್ತಿ ನಿಂದು, ರೊಟ್ಟಿಗಿಂತ ಗಟ್ಟಿ" ಎಂದು ಅತ್ತೆ.

"ನಿಮ್ಮ ಭಾಷಾ ಇಡ್ಲಿ ಇದ್ದಂಗ ಐತ್ರಿ ದೊಡ್ಡಕ್ಕಾರ. ಬಾಯಾಗ ಇಟ್ರ ಕರಗ್ತೈತಿ, ಹೊಟ್ಟಿ ತುಂಬೂದಿಲ್ಲ" ಎಂದು ಇವಳು.

ಮಾವನಿಗೆ ಸಿಟ್ಟು ಬಂದರೆ ಮಾಣಿಗಳಿಗೆ "ಕತ್ತೆ!" ಎಂದು ಬೈಯುವ ಚಾಳಿ. ಒಮ್ಮೆ ಒಬ್ಬ ಗಾಜಿನ ಲೋಟಗಳ ಟ್ರೇಯನ್ನೇ ಬೀಳಿಸಿದಾಗ ಹಾಗೆ ಬೈದರು. ಒಲೆಯ ಹಿಂದಿನಿಂದ ಸ್ವರ ಬಂತು: "ಅಣ್ಣಾರ, ಅಂವಗ ಅಷ್ಟು ದೊಡ್ಡ ಹೆಸರು ಕೊಡಬ್ಯಾಡ್ರಿ. ಅಂವ ಇನ್ನೂ ಗಳಿಸಿಲ್ಲ." ಇಡೀ ಹೋಟೆಲು ನಕ್ಕಿತು. ಅವಳು ನಗಲಿಲ್ಲ. ಆಮೇಲೆ ಮಾವ ಎಮ್ಮೆ, ಕೋಣ ಎಂದು ಬೈದು ಕಾಲ ತಳ್ಳಿದರು. ಇನ್ನೊಂದು ವಿಷಯ: ಮಾವನನ್ನು ಉಳಿದ ಕೆಲಸದವರು ಧಣಿ ಅನ್ನುತ್ತಿದ್ದರು, ಸೇಠ್ ಅನ್ನುತ್ತಿದ್ದರು. ರೊಟ್ಟಿಯವ್ವ ಮಾತ್ರ ಅಣ್ಣಾರ. ಆ ಇನ್ನೆರಡು ಶಬ್ದಗಳಿಂದ ಅವಳು ಯಾರನ್ನೂ ಕರೆದದ್ದನ್ನು ನಾನು ಕೇಳಿಲ್ಲ.

ಅವಳು ನಮ್ಮಲ್ಲಿಗೆ ಬಂದದ್ದು ನನ್ನ ಮದುವೆಗೆ ಮೊದಲು. ಅದನ್ನು ಹೇಳಿದವರು ಅತ್ತೆ.

"ನಾನು ಸಂಜೆ ದೇವರಿಗೆ ದೀಪ ಹಚ್ಚಿ, ಹಿಂದಿನ ಬಾಗಿಲು ತೆಗೆದದ್ದು. ಗೋಡೆಯ ಆ ಒಡಕು ಉಂಟಲ್ಲ, ಅಲ್ಲಿಂದ ಇಬ್ಬರು ಬಂದರು. ಒಂದು ಹೆಂಗಸು, ಒಂದು ಹೆಣ್ಣು ಮಗು. ಮೈಮೇಲೆಲ್ಲ ಕೆಂಪು ಧೂಳು, ರೆಪ್ಪೆಯ ಮೇಲೂ ಧೂಳು. ಮಗುವಿನ ಪಾದ ಸುಟ್ಟು, ಬಟ್ಟೆ ಸುತ್ತಿತ್ತು. ನಾನು ಕೂಗುವುದರೊಳಗೆ ಆ ಹೆಂಗಸು ಕೇಳಿದ್ದೆಂತ ಗೊತ್ತುಂಟಾ? ನೀರು ಅಲ್ಲ, ಅನ್ನ ಅಲ್ಲ. 'ಇದು ಯಾರ ಜಾಗಾರಿ?' ಅಂತ ಕೇಳಿದಳು. ನನ್ನದು ಅಂದೆ. 'ನೀವು ಮಂದೀನ್ನ ಕೂಡಿ ಹಾಕಿ ಇಟ್ಕೊಂತೀರೋ, ಕೆಲಸಕ್ಕ ಇಟ್ಕೊಂತೀರೋ?' ಅಂತ ಕೇಳಿದಳು. ನನಗೆ ಅದರ ಅರ್ಥ ಆದದ್ದು ಮರುದಿನ."

ಮರುದಿನ ಆದದ್ದು ಇದು. ಮುಂಬಯಿಯ ಹೋಟೆಲುಗಳಲ್ಲಿ ರಾತ್ರಿ ಕೆಲಸದವರು ಒಳಗೇ ಮಲಗುವುದು, ಶಟರ್ ಎಳೆದು ಹೊರಗಿನಿಂದ ಬೀಗ ಹಾಕುವುದು ರೂಢಿ. ಅವತ್ತು ತಾಯಿ ಮಗಳನ್ನು ಒಳಗೆ ಮಲಗಿಸಿ, ಕಾಡಿನ ಬದಿಯ ಜಾಗವಲ್ಲವೇ ಎಂದು ಕಾಳಜಿಯಿಂದಲೇ ಮಾವ ಬೀಗ ಹಾಕಿದ್ದರು. ಬೆಳಿಗ್ಗೆ ಶಟರ್ ಎತ್ತಿದರೆ ಅವಳು ಹೊಸ್ತಿಲಲ್ಲೇ ಕೂತಿದ್ದಳಂತೆ. ಶಟರಿನ ಕೆಳಗೆ ಬೆರಳು ತೂರಿಸಿ, ರಾತ್ರಿಯಿಡೀ ಎತ್ತಲು ನೋಡಿ ಉಗುರೆಲ್ಲ ರಕ್ತ. ಮಾವನ ಮುಖ ನೋಡಿ, "ಕೆಲಸಾ ಮಾಡ್ತೀನಿ, ಕೇಳಿದಷ್ಟು ಮಾಡ್ತೀನಿ. ಒಳಗ ಮಂದಿ ಇದ್ದಾಗ ಹೊರಗಿಂದ ಕೀಲಿ ಹಾಕಬ್ಯಾಡ್ರಿ" ಅಂದಳಂತೆ. ಮಾವ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟರು. ಅವತ್ತಿನಿಂದ ಶಟರಿಗೆ ಒಳಗಿನಿಂದಲೇ ಬೀಗ. ಹಿಂದಿನ ಖೋಲಿ ಅವಳದಾಯಿತು.

ಉಳಿದದ್ದನ್ನು ಅವಳೇ ಹೇಳಿದಳು. ಒಂದೇ ಸಲ ಅಲ್ಲ. ಊಟದ ಗದ್ದಲ ಮುಗಿದು ನಾನು ಹಣದ ಗಲ್ಲೆಯ ಮೇಲೆ ತೂಕಡಿಸುವ ಹೊತ್ತಿಗೆ, ಒಲೆಯ ಬೂದಿ ಕೆದಕುತ್ತ, ಇವತ್ತು ಒಂದು ಚೂರು, ಮುಂದಿನ ತಿಂಗಳು ಇನ್ನೊಂದು ಚೂರು. "ನಮ್ಮಾಕಿ" ಅಂದರೆ ತಂಗಿಯೋ ನಾದಿನಿಯೋ ಎಂದುಕೊಂಡೇ ನಾನು ಎಷ್ಟೋ ದಿನ ಕೇಳಿಸಿಕೊಂಡಿದ್ದೆ. ಅದು ಕತ್ತೆ ಎಂದು ಗೊತ್ತಾದದ್ದು, "ಅಕಿ ಬೆನ್ನಮ್ಯಾಲ ಇಟ್ಟಂಗಿ ಹೇರತಿದ್ವಿ" ಅಂದಾಗ.

ಗುಡ್ಡದ ಆಚೆ, ಘೋಡ್‌ಬಂದರ್ ರಸ್ತೆ ದಾಟಿದರೆ ಖಾಡಿ, ಸಮುದ್ರದ ಹಿನ್ನೀರು. ಅದರ ದಂಡೆಯಲ್ಲಿ ಇಟ್ಟಿಗೆ ಭಟ್ಟಿಗಳಿದ್ದವು. ಅವಳೂ ಗಂಡನೂ ತಮ್ಮ ಕತ್ತೆಯ ಸಮೇತ ಅಲ್ಲಿಗೆ ಬಂದದ್ದು ಅವರ ಕಡೆಯವನೇ ಆದ ಒಬ್ಬ ಮುಕಾದಮನ ಹಿಂದೆ. ಊರಲ್ಲಿ ಮನೆ ಬಾಗಿಲಿಗೆ ಬಂದು ಮುಂಗಡ ಕೊಟ್ಟು, ಸುಗ್ಗಿ ಮುಗಿದ ಮೇಲೆ ಕರೆದೊಯ್ದು, ಮಳೆಗೆ ಮುಂಚೆ ಊರಿಗೆ ಬಿಡುವ ಕರಾರು. ಮಗಳು ಅಲ್ಲೇ ಹುಟ್ಟಿದಳು. ಗಂಡ ಜ್ವರದಲ್ಲಿ ಅಲ್ಲೇ ತೀರಿಕೊಂಡ. ಆ ವರ್ಷ ಮಳೆ ಬರುವ ಮುಂಚೆ ಎಲ್ಲರ ಹೆಸರು ಕರೆದು ಟೆಂಪೋ ಹತ್ತಿಸಿದರು. ಇವಳ ಹೆಸರು ಕರೆಯಲಿಲ್ಲ. ಕೇಳಿದ್ದಕ್ಕೆ ಮುಕಾದಮ, "ಸತ್ತಂವನ ಕೆಲಸಾ ಯಾರು ಮಾಡೂದು?" ಅಂದ. ಮುಂದಿನ ವರ್ಷವೂ ಕರೆಯಲಿಲ್ಲ, ಅದರ ಮುಂದಿನ ವರ್ಷವೂ ಇಲ್ಲ. ಒಮ್ಮೆ ಓಡಿಹೋಗಲು ನೋಡಿ ಸಿಕ್ಕಿಬಿದ್ದಿದ್ದಳು. ಆ ಸಂಗತಿಯನ್ನು ಬಾಯಿಂದ ಹೇಳಲಿಲ್ಲ. ಬೆನ್ನಿನ ಮೇಲಿನ ಸೆರಗು ಸರಿಸಿ ತೋರಿಸಿದಳು, ಮತ್ತೆ ಹೊದ್ದುಕೊಂಡಳು.

ಭಟ್ಟಿಯ ಕತ್ತೆಗಳಿಗೆ ಜೊತೆಗೆ ಆಳು ಬೇಕಾಗುವುದಿಲ್ಲ. ಭಟ್ಟಿಯ ಬಾಯಲ್ಲಿ ಇಟ್ಟಿಗೆ ಹೇರಿ ಬೆನ್ನಿಗೊಂದು ಏಟು ಕೊಟ್ಟರೆ, ತಾವಾಗಿ ಲಾರಿ ನಿಲ್ಲುವ ಕಡೆಗೆ ಹೋಗಿ ನಿಲ್ಲುತ್ತವೆ. ಅಲ್ಲಿ ಹೇರು ಇಳಿಸಿದರೆ ತಾವಾಗಿ ತಿರುಗಿ ಬರುತ್ತವೆ. ಇಳಿಸುವವರೆಗೆ ಮಾತ್ರ ಕದಲುವುದಿಲ್ಲ. ಕೊರಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ದನಿಯ ತಗಡಿನ ಗಂಟೆ. ಮುಕಾದಮ ದಾರಿಯ ಬಾಯಲ್ಲಿ, ಮರದ ಕೆಳಗಿನ ಹೊರಸಿನ ಮೇಲೆ ಕಣ್ಣು ಮುಚ್ಚಿ ಮಲಗಿರುವನು. ನೋಡುವ ಗೋಜಿಲ್ಲ, ಕಿವಿಯಲ್ಲೇ ಕಾವಲು. ಗಂಟೆ ಬಿರುಸಾಗಿ ಕೇಳಿದರೆ ಕತ್ತೆ ಬರಿದು, ಭಾರವಾಗಿ ಕೇಳಿದರೆ ಹೇರು ಹೊತ್ತಿದೆ. ನಿಂತರೆ, ಇಳಿಸುತ್ತಿದ್ದಾರೆ. ಇಳಿಸುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತರೆ ಅವನು ಒಮ್ಮೆ ಕೆಮ್ಮುತ್ತಿದ್ದ.

"ಒಂದ ಸಲ ಕೆಮ್ಮಾಂವ, ಅಕ್ಕಾರ. ಎರಡನೇ ಸಲ ಕೋಲ ಬರೂದು. ಈಗೂ ಯಾರರ ಕೆಮ್ಮಿದ್ರ ನನ್ನ ಕೈ ತಾನ ಕೆಲಸಾ ಹುಡುಕ್ತೈತಿ."

ಓಡಿಬಂದ ವರ್ಷವೂ ಎಲ್ಲರೂ ಊರಿಗೆ ಹೋದರು. ಉಳಿದ ಇಟ್ಟಿಗೆ ಸಾಗಿಸಲು ಇವಳು, ಮಗಳು, ನಮ್ಮಾಕಿ. ಹೇರುವವಳೂ ಇಳಿಸುವವಳೂ ಇವಳೇ. ಹೊರಸಿನ ಮೇಲೆ ಅವನು. ಒಂದು ಬೆಳಿಗ್ಗೆ ಮುಕಾದಮ ಹುಡುಗಿಯ ಗಲ್ಲ ಹಿಡಿದು, "ದೊಡ್ಡಾಕಿ ಆಗ್ಯಾಳ. ನಾಳೆ ಜೀಪು ಬರ್ತೈತಿ. ಭಟ್ಟಿ ಸೇಠನ ಮನ್ಯಾಗ ಕೆಲಸಕ್ಕ ಇರ್ಲಿ" ಅಂದ. ಹುಡುಗಿಗೆ ಆಗ ಹಾಲುಹಲ್ಲು ಬೀಳುತ್ತಿದ್ದವು. ಹಿಂದಿನ ವಾರ ಬಿಸಿ ಬೂದಿ ತುಳಿದು ಪಾದ ಸುಟ್ಟುಕೊಂಡಿದ್ದಳು.

"ನಾಳೆ ಅಂದ್ರ ಇವತ್ತ ಹೋಗಬೇಕು. ಇವತ್ತ ಅಂದ್ರ ಯಾವಾಗ? ರಾತ್ರಿ ಗುಡಿಸಲಕ್ಕ ಕೀಲಿ ಹಾಕ್ತಾರ. ಮಟಮಟ ಮಧ್ಯಾಹ್ನನ ಹೋಗಬೇಕು. ನಮ್ಮ ಕಡೆ ಆ ಹೊತ್ತಿನಾಗ ಯಾರೂ ಹೊರಗ ಬರೂದಿಲ್ರಿ. ಅದು ದೆವ್ವ ಗಾಳಿ ಅಡ್ಡಾಡೂ ಹೊತ್ತು. ಅಂವನೂ ನಮ್ಮ ಕಡೆಯಾಂವನ, ಅವಗೂ ಅಂಜಿಕಿ. ಹೊರಸು ಬಿಟ್ಟು ಏಳಾಂವಲ್ಲ."

ಬೇಕೆಂದೇ ತುಂಬ ಹೇರು ಹೇರಿದಳು, ನಿಧಾನಕ್ಕೆ ನಡೆಯಲಿ ಎಂದು. ಕಿವಿಯಲ್ಲಿ, "ನೀ ಅಡ್ಡಾಡ್ತಿರವ್ವಾ, ನಾವು ಹೊಂಟ್ವಿ" ಅಂದಳು. ಬೆನ್ನಿಗೆ ಏಟು ಹಾಕುವ ಬದಲು ಕೈ ಇಟ್ಟು ಸವರಿದಳು. ಕತ್ತೆ ನಡೆಯಿತು. ಮಗಳನ್ನು ಸೊಂಟಕ್ಕೆ ಎತ್ತಿಕೊಂಡು ಭಟ್ಟಿಯ ಹಿಂದಿನ ಒಣನಾಲೆಗೆ ಇಳಿದಳು. ಅದರಲ್ಲಿ ಬಗ್ಗಿ ನಡೆದರೆ ರಸ್ತೆಯ ಕೆಳಗಿನ ಮೋರಿ, ಮೋರಿಯಾಚೆ ಕಾಡು. ಗಂಟೆ ಲಾರಿಯ ಜಾಗ ಮುಟ್ಟಿ ನಿಲ್ಲುವವರೆಗೆ, ಆಮೇಲೆ ಅವನು ಒಮ್ಮೆ ಕೆಮ್ಮಿ, ಕಾದು, ಏಳುವವರೆಗೆ. ಅಷ್ಟರೊಳಗೆ ರಸ್ತೆ ದಾಟಬೇಕು. ಅವಳ ಲೆಕ್ಕ ಅಷ್ಟೇ.

ಮೋರಿಯೊಳಗೆ ಕೂತು ಕಿವಿಗೊಟ್ಟಳು. ಗಂಟೆ ಲಾರಿಯ ಜಾಗ ಮುಟ್ಟಿತು. ನಿಂತಿತು. ಈಗ ಕೆಮ್ಮುತ್ತಾನೆ ಎಂದು ಮಗಳ ಬಾಯಿ ಮುಚ್ಚಿ ಹಿಡಿದಳು. ಕೆಮ್ಮು ಬರಲಿಲ್ಲ. ಗಂಟೆ ತಿರುಗಿ ನಡೆಯಿತು.

"ಹೇರು ಇಳಿಸದ ಅದು ಕಾಲ ಕೀಳೂದಿಲ್ಲ ಅಕ್ಕಾರ. ಹುಟ್ಟಿದಾಗಿಂದ ಕಿತ್ತಿಲ್ಲ. ಅವತ್ತು ಕಿತ್ತಳು. ಹೇರ ಹೊತ್ಕೊಂಡ ತಿರುಗಿ ಭಟ್ಟಿಗಿ ಬಂದಳು, ಅಲ್ಲಿಂದ ಮತ್ತ ಲಾರಿ ಕಡೆ. ಹ್ವಾದಳು, ಬಂದಳು. ನಾ ರಸ್ತಾ ದಾಟಿದೆ, ಕಾಡು ಹೊಕ್ಕೆ, ಗುಡ್ಡ ಏರಿದೆ. ಗಂಟಿ ಕೇಳತೈತಿ. ಇನ್ನೊಂದ ಗುಡ್ಡ ಏರಿದೆ. ಅಷ್ಟ ಕೇಳತೈತಿ. ಎಷ್ಟು ದೂರ ಹ್ವಾದ್ರೂ ಅಷ್ಟ ಸನೇಕ."

ಆ ಮಾತು ಹೇಳುವಾಗ ಅವಳು ದನಿ ಇಳಿಸುತ್ತಿದ್ದಳು. ಹೊರಗೆ ರಸ್ತೆಯಲ್ಲಿ ಬಸ್ಸು, ರಿಕ್ಷಾಗಳ ಗದ್ದಲ ಇದ್ದರೂ ನನಗೆ ಹೋಟೆಲಿನೊಳಗೆ ಏನೋ ಖಾಲಿಯಾದ ಹಾಗೆ ಅನಿಸುತ್ತಿತ್ತು.

ಕಾಡಿನ ನಡುವೆ ಒಂದು ಕಡೆ ಗಂಟೆ ನಿಂತಿತು. ಹೆಜ್ಜೆಯ ನಡುವೆ, ಅರ್ಧಕ್ಕೆ. ಅದರ ಜೊತೆಗೇ ಜೀರುಂಡೆಗಳೂ ನಿಂತವು, ಎಲೆಯೂ ನಿಂತಿತು. ಅವಳಿಗೆ ಎಲ್ಲ ಗೊತ್ತಾಯಿತು. ಅಲ್ಲೇ ಕುಸಿದು ಕೂತಳು. ಎಷ್ಟು ಹೊತ್ತೋ. ಬಲಗೈಯನ್ನು ಊರಿ ಏಳಲು ಹೋದಾಗ ಅಂಗೈಗೆ ನೆಲ ಸಿಗಲಿಲ್ಲ. ನೆಲಕ್ಕಿಂತ ಮೇಲೆ, ಸೊಂಟದ ಎತ್ತರಕ್ಕೆ, ಒರಟು ಕೂದಲಿನ ಬೆಚ್ಚಗಿನ ಬೆನ್ನು ಸಿಕ್ಕಿತು. ಅದನ್ನೇ ಊರಿಕೊಂಡು ಎದ್ದಳು. ನೋಡಲಿಲ್ಲ.

"ಯಾಕೆ ನೋಡಲಿಲ್ಲ ಅವ್ವಾ?"

"ನೋಡಿದ್ರ ಇರ್ತಿರಲಿಲ್ಲ."

ಸಂಜೆಯ ಹೊತ್ತಿಗೆ, ಕೆಳಗೆ ಮುಲುಂಡಿನ ದೀಪಗಳು ಒಂದೊಂದೇ ಹತ್ತುವಾಗ, ಕಾಲುದಾರಿಯ ಮೇಲೆ ಚಿರತೆ ಅಡ್ಡ ಕೂತಿತ್ತು. ಅವಳನ್ನು ನೋಡಲಿಲ್ಲ, ಮಗುವನ್ನೂ ನೋಡಲಿಲ್ಲ. ಅವಳ ಬಲಕ್ಕೆ ನೋಡಿತು. ಕಿವಿ ಹಿಂದಕ್ಕೆ ಹಾಕಿ, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು, ಪೊದೆಯೊಳಗೆ ಸರಿದುಹೋಯಿತು. ಆಮೇಲೆ ಗೋಡೆಯ ಒಡಕು, ಅತ್ತೆಯ ದೀಪ.

ನಾನು ಇದನ್ನೆಲ್ಲ ನಂಬಿದೆನೇ ಎಂದು ಕೇಳಬೇಡಿ. ದುಃಖಕ್ಕೆ ಒಂದೊಂದು ಆಸರೆ ಬೇಕಾಗುತ್ತದೆ, ಅವಳಿಗೆ ಇದು ಸಿಕ್ಕಿತು ಎಂದುಕೊಂಡಿದ್ದೆ. ಒಂದು ಮಧ್ಯಾಹ್ನದವರೆಗೆ ಹಾಗೆಯೇ ಎಂದುಕೊಂಡಿದ್ದೆ.

ಅವಳ ಮಗಳು ಆಗ ಹತ್ತನೇ ತರಗತಿ. ಮುನಿಸಿಪಾಲಿಟಿ ಶಾಲೆಯಿಂದ ಬಂದು ಕೊನೆಯ ಟೇಬಲ್ಲಿನಲ್ಲಿ ಗಣಿತ ಮಾಡುತ್ತ ಕೂತಿದ್ದಳು. ಗಲ್ಲೆಯ ಮೇಲೆ ನಾನು. ಗಿರಾಕಿಗಳು ನಾಲ್ಕೈದು ಜನ. ಹತ್ತಿರದ ಟವರಿಗೆ ಇಟ್ಟಿಗೆ ತಂದ ಲಾರಿಯ ಡ್ರೈವರ್ ಒಬ್ಬ ಒಳಗೆ ಬಂದ. ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು ಕಪ್ಪು ಕನ್ನಡಕದ ಒಬ್ಬ ಮುದುಕ. ಎರಡು ಕಣ್ಣೂ ಹೋಗಿದ್ದವು. ಮೈ ಮಾತ್ರ ಇನ್ನೂ ಗಟ್ಟಿ. ರೊಟ್ಟಿ ಊಟ ಹೇಳಿದರು. ರೊಟ್ಟಿಯವ್ವ ಬೆನ್ನು ಮಾಡಿ ಕೂತಿದ್ದವಳು, ಯಾವ ಗಿರಾಕಿಗಾದರೂ ಕೇಳುವಂತೆ ಕೇಳಿದಳು: "ಇನ್ನೊಂದ ರೊಟ್ಟಿ ಹಾಕ್ಲೇನ್ರಿ?"

ಮುದುಕನ ಕೈ ತಟ್ಟೆಯಲ್ಲೇ ನಿಂತಿತು. ತಲೆ ಒಂದು ಕಡೆ ವಾಲಿಸಿ, ಅವನು ಒಮ್ಮೆ ಕೆಮ್ಮಿದ.

ರೊಟ್ಟಿಯವ್ವನ ಕೈಯಿಂದ ಹಿಟ್ಟಿನ ಉಂಡೆ ಬಿತ್ತು.

"ಸಿಕ್ಕಿ ನೋಡು" ಅಂದ ಅವನು, ನಗುತ್ತ. "ಕಣ್ಣು ಹ್ವಾದ್ರೂ ಕಿವಿ ಅದಾವ ನನಗ. ಎಷ್ಟು ವರ್ಷ ಅಡಗಿಸಿಟ್ಟಿಯವ್ವಾ ಮಾರಿ? ನಿಂದು ಮುಂಗಡ ಇನ್ನೂ ಮುಗಿದಿಲ್ಲಲಾ. ಹುಡುಗಿ ಎಲ್ಲಿ? ಈಗ ಭೇಷ್ ಬೆಳೆದಿರಬೇಕು. ಕರಕೊಂಡ ನಡಿ. ಲಾರಿ ಹೊರಗ ಐತಿ."

ಹುಡುಗಿ ಪೆನ್ಸಿಲ್ ಹಿಡಿದ ಹಾಗೆಯೇ ಕಲ್ಲಾಗಿದ್ದಳು. ಮಾವ ಮೇಲೆ ಮಲಗಿದ್ದರು. ನಾನು ಎದ್ದು, "ಯಾರು ನೀವು? ಹೊರಗೆ ನಡೆಯಿರಿ, ಪೊಲೀಸರನ್ನು ಕರೆಯುತ್ತೇನೆ" ಎಂದೆ. ರೊಟ್ಟಿಯವ್ವ ನನ್ನ ಕಡೆ ಕೈ ಅಲ್ಲಾಡಿಸಿ, ಬೇಡ ಎಂದಳು. ಎದ್ದು, ಮಗಳಿಗೂ ಅವನಿಗೂ ನಡುವೆ ನಿಂತಳು. ಓಡಲಿಲ್ಲ. ಬಲಗೈ ಮೆಲ್ಲಗೆ ಸೊಂಟದ ಎತ್ತರಕ್ಕೆ ಎದ್ದಿತು.

ಮುದುಕನ ನಗು ಮುಖದಲ್ಲೇ ಉಳಿದು, ಅದರ ಹಿಂದಿನದು ಎಲ್ಲ ಹೋಯಿತು. ಅವನು ಬಾಗಿಲ ಕಡೆ ಕಿವಿ ತಿರುಗಿಸಿದ.

"ಯಾರದೋ ಈ ಕತ್ತಿ? ಹೊಟೇಲಿನ್ಯಾಗ ಯಾಕ್ ಬಿಟ್ಟೀರಿ?"

ಡ್ರೈವರ್ ಸುತ್ತ ನೋಡಿದ. ಕತ್ತೆ ಎಲ್ಲೂ ಇರಲಿಲ್ಲ. "ಕಾಕಾ, ಕೌನ್ಸಾ ಗಧಾ? ಯಹಾಂ ಕುಛ್ ನಹೀಂ ಹೈ."

"ಗಂಟಿ ಕೇಳವಲ್ದೇನು?" ಮುದುಕ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. "ಭಾರ ಬಾರಸ್ತೈತಿ. ಹೇರ ಹೊತ್ತೈತಿ ಅದು. ಅವತ್ತಿಂದ... ಹೋಗಬೇಕಾದ್ರೂ ಭಾರ, ಬರಬೇಕಾದ್ರೂ ಭಾರ. ನಾ ಬಿಸಲಿಗೆ ದಣದೈತಿ ಅನ್ಕೊಂಡೆ. ಬಿಸಲು ಇಳಿಯೂ ತನಕಾ ಹಂಗ ಬಿಟ್ಟೆ. ಎದ್ದು ನೋಡಿದ್ರ ಯಾರೂ ಇಲ್ಲ. ಸಿಟ್ಟು ಬಂತು. ಕಾಲು ಮುರಿಯೂ ತನಕಾ ಹೊಡದೆ. ಬಿದ್ದ ಮ್ಯಾಲೂ ಹೊಡದೆ. ಇಳಸ್ರೋ ಯಾರರ! ಅದರ ಹೇರ ಇಳಸ್ರೋ!"

ಗಿರಾಕಿಗಳು ಗೋಡೆಗೆ ಸರಿದಿದ್ದರು. ನಮಗೆ ಯಾರಿಗೂ ಏನೂ ಕೇಳಿಸಲಿಲ್ಲ, ಇದನ್ನು ನಾನು ಆಣೆಯಿಟ್ಟು ಹೇಳುತ್ತೇನೆ. ಆದರೆ ಓಣಿಯ ನಾಯಿಗಳು ಒಂದೇ ಸಮನೆ ಊಳಿಡುತ್ತಿದ್ದವು.

ರೊಟ್ಟಿಯವ್ವ ಮೆಲ್ಲಗೆ ಅಂದಳು: "ನೀವ ಇಳಸ್ರಿ ಮುಕಾದಮರ."

ಅವನು ಕೈ ಚಾಚಿದ. ಗಾಳಿಯಲ್ಲಿ ತಡವರಿಸುತ್ತಿದ್ದ ಕೈಗಳು ಸೊಂಟದ ಎತ್ತರದಲ್ಲಿ ಏನನ್ನೋ ಮುಟ್ಟಿದ ಹಾಗೆ ನಿಂತವು. ಎರಡು ಕೈಯಿಂದ ಎತ್ತಿ, ಬಗ್ಗಿ, ನೆಲಕ್ಕಿಟ್ಟ. ಮತ್ತೆ ಎತ್ತಿ, ಬಗ್ಗಿ, ಇಟ್ಟ. ಬರಿಗಾಳಿ. ಆದರೆ ಅವನ ತೋಳಿನ ನರಗಳು ಉಬ್ಬುತ್ತಿದ್ದವು, ಬೆವರು ಇಳಿಯುತ್ತಿತ್ತು, ಪ್ರತಿ ಸಲ ಬಗ್ಗುವಾಗ ಸೊಂಟ ನೋವಿನವರು 'ಹ್ಞಾ' ಎನ್ನುವ ಹಾಗೆ ಅನ್ನುತ್ತಿದ್ದ. ಒಂದರ ಮೇಲೊಂದು ಒಪ್ಪವಾಗಿ ಪೇರಿಸುತ್ತಿದ್ದ. ಒಳಗೆ ಸಾಂಬಾರು ಕುದಿಯುವ ಸದ್ದು ಮಾತ್ರ. ಕೊನೆಗೆ ಅವನ ಕೈ ಬರಿದೇ ಒಂದು ಸಲ ಸವರಿ, ಕೆಳಗೆ ಬಿತ್ತು.

"ಮುಗೀತೇನವ್ವಾ?" ಎಂದು ಕೇಳಿದ. ಮಗುವಿನ ದನಿ.

"ಮುಗೀತ್ರಿ. ಹೋಗ್ರಿ ಇನ್ನ."

ಡ್ರೈವರ್ ಅವನನ್ನು ಹಿಡಿದು ನಡೆಸಿಕೊಂಡು ಹೋದ. ಬಾಗಿಲ ಬಳಿ ಆ ಮುದುಕ, ತಾನು ಪೇರಿಸಿದ ಜಾಗವನ್ನು ಬಳಸಿಕೊಂಡು ಸುತ್ತು ಹಾಕಿ ದಾಟಿದ. ಮತ್ತೆ ಅವನು ಬರಲಿಲ್ಲ, ಅವನ ಕಡೆಯವರೂ ಯಾರೂ ಬರಲಿಲ್ಲ. ಅವತ್ತು ಸಂಜೆ ನೆಲ ಒರೆಸುವ ಮಾಣಿ ಆ ಜಾಗವನ್ನು ಬಿಟ್ಟು ಒರೆಸಿದ. ಮಾವನೂ ಬೈಯಲಿಲ್ಲ.

ರೊಟ್ಟಿಯವ್ವ ಮಗಳನ್ನು ಅಪ್ಪಿಕೊಂಡು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಬಿದ್ದ ಹಿಟ್ಟು ಎತ್ತಿ ಬಿಸಾಡಿ, ಕೈ ತೊಳೆದು, ನನ್ನ ಹತ್ತಿರ ಬಂದು, "ಅಕ್ಕಾರ, ನನಗ ರೈಲ ತೋರಸ್ತೀರೇನು?" ಅಂದಳು. ಅಷ್ಟು ವರ್ಷ ಮುಲುಂಡಿನಲ್ಲಿದ್ದು ಅವಳು ಸ್ಟೇಷನ್ ಕಡೆ ಹೋಗಿರಲಿಲ್ಲ. ದೊಡ್ಡ ರಸ್ತೆಯಲ್ಲಿ ಇಟ್ಟಿಗೆ ಲಾರಿಗಳು ಓಡಾಡುತ್ತವೆಂದು ಹಿಂದಿನ ಓಣಿಗಳಲ್ಲೇ ಬದುಕಿದ್ದಳು. ನನಗೆ ಅದು ಅವತ್ತು ಹೊಳೆಯಿತು.

ಆ ಭಾನುವಾರ ಹೋದೆವು. ಲೇಡೀಸ್ ಡಬ್ಬಿಯ ಮುಂದೆ ನಿಂತು ಅವಳು ತಲೆಯಾಡಿಸಿದಳು. "ಇಲ್ಲಿ ನಮ್ಮಾಕಿಗೆ ಬಿಡೂದಿಲ್ಲ." ಕೊನೆಗೆ ಲಗೇಜ್ ಡಬ್ಬಿ ಹತ್ತಿದೆವು. ಮೀನಿನ ಬುಟ್ಟಿಗಳ ನಡುವೆ ನಿಂತ ಬೆಸ್ತರ ಹೆಂಗಸರು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಒಬ್ಬಳು, "ಸಾಮಾನ ಕುಠೇ ಆಹೇ, ಮಾವಶೀ?" ಎಂದು, ಸಾಮಾನು ಎಲ್ಲಿ ಎಂದು ಕೇಳಿದಳು. ರೊಟ್ಟಿಯವ್ವ ಬಲಕ್ಕೆ ತೋರಿಸಿದಳು. ಆ ಹೆಂಗಸು ನಗುತ್ತಾಳೆಂದು ನಾನು ಕಾದೆ. ಅವಳು ನಗಲಿಲ್ಲ. ಒಂದು ಗಳಿಗೆ ಆ ಜಾಗವನ್ನೇ ನೋಡಿ, ತನ್ನ ಬುಟ್ಟಿಯನ್ನು ಕಾಲಿನಿಂದ ತಳ್ಳಿ, ಜಾಗ ಮಾಡಿಕೊಟ್ಟಳು. ಕಾಂಜೂರ್ ದಾಟಿದ ಮೇಲೆ ಗಾಳಿ ಮುಖಕ್ಕೆ ಬಡಿಯುವಾಗ ರೊಟ್ಟಿಯವ್ವ ನನ್ನ ಕಿವಿಯ ಹತ್ತಿರ ಬಂದು, "ಈಗ ಭಾಳ ಹಗರಾಗ್ಯಾಳ ಅಕ್ಕಾರ. ಕೈ ಇಟ್ರ ಗೊತ್ತಾಗ್ತೈತಿ" ಅಂದಳು. ವಿ.ಟಿ. ಸ್ಟೇಷನ್‌ವರೆಗೆ ಹೋಗಿ, ಸಮುದ್ರ ನೋಡಿ, ಮಗಳಿಗೆಂದು ಒಂದು ಹಳದಿ ರಿಬ್ಬನ್ ಕೊಂಡು, ಅದೇ ಡಬ್ಬಿಯಲ್ಲಿ ತಿರುಗಿ ಬಂದೆವು.

ಅವಳು ಹೋಗಿ ಈಗ ಎರಡು ಮಳೆಗಾಲ ಕಳೆದವು. ಕಾಯಿಲೆ ಬೀಳಲಿಲ್ಲ. ರೊಟ್ಟಿ ಮುಗಿಸಿ, ಒಲೆ ಒರೆಸಿ, ಖೋಲಿಗೆ ಹೋಗಿ ಅಡ್ಡಾದಳು. ಸಂಜೆ ಚಹಾಕ್ಕೆ ಏಳಲಿಲ್ಲ. ಅತ್ತೆಗೆ ಆಗ ಎದ್ದು ನಡೆಯುವ ಶಕ್ತಿಯಿರಲಿಲ್ಲ, ಕುರ್ಚಿಯಲ್ಲಿ ಕೂರಿಸಿಯೇ ಕೆಳಗಿಳಿಸಿದೆವು. ಅವಳ ಹಣೆ ಮುಟ್ಟಿ, "ಜಗಳಕ್ಕೆ ಇನ್ನು ಯಾರುಂಟು ಮಾರಾಯ್ತಿ ನನಗೆ" ಎಂದು ಅತ್ತರು.

ಮಗಳು ಠಾಣೆಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. ಅವಳ ಕನ್ನಡ ಮುಂಬಯಿಯ ಮಕ್ಕಳ ಕನ್ನಡ, ಅರ್ಧ ದಾರಿಗೆ ಬಂದು ಹಿಂದಿ ಹತ್ತಿಕೊಳ್ಳುತ್ತದೆ. ಮಣ್ಣು ಮಾಡಿ ಬಂದ ಮೇಲೆ ಆ ಖೋಲಿಯಲ್ಲಿ ನಾವಿಬ್ಬರೇ ಕೂತಿದ್ದೆವು. ಏನಾದರೂ ಮಾತಾಡಬೇಕೆಂದು ನಾನು, "ನಿನ್ನ ಅವ್ವ ಎಂಥ ಗಟ್ಟಿಗಿತ್ತಿ. ಸುಟ್ಟ ಕಾಲಿನ ನಿನ್ನನ್ನು ಎತ್ತಿಕೊಂಡು ಅಷ್ಟು ಗುಡ್ಡ ಹತ್ತಿ ಇಳಿದವಳು" ಎಂದೆ.

ಅವಳು ತಲೆ ಎತ್ತಿದಳು. "ಎತ್ಕೊಂಡು? ನಹೀಂ ಆಂಟಿ. ಸ್ವಲ್ಪ ದೂರ ಅಷ್ಟೇ. ಬಾದ್ ಮೇ ಮೈ ಗಧೇ ಪೆ ಬೈಠೀ ಥೀ."

"ಯಾವ ಕತ್ತೆ?"

"ನಮ್ಮದೇ. ಜಂಗಲ್‌ನಲ್ಲಿ ಬಂತಲ್ಲ, ಹಿಂದಿನಿಂದ. ಅವ್ವ ಆ ಕಡೆ ನೋಡಲೇ ಇಲ್ಲ. ನಾನು ಕೂತೆ. ಕಿವಿ ಹಿಡ್ಕೊಂಡಿದ್ದೆ, ಗರಂ ಇತ್ತು. ಬೆನ್ನ ಹಿಂದೆ ಇಟ್ಟಿಗೆ ಇತ್ತು, ಚುಚ್ಚುತ್ತಿತ್ತು." ಅವಳು ತನ್ನ ಬೆನ್ನಿನ ಕೆಳಭಾಗವನ್ನು ಮುಟ್ಟಿ ತೋರಿಸಿದಳು. "ಇಲ್ಲಿ."

"ಇದನ್ನು ಅವ್ವನಿಗೆ ಹೇಳಿದ್ದೆಯಾ?"

"ಒಂದು ಸಲ. ಬಾಯಿ ಮುಚ್ಚಿದಳು, ಕೈಯಿಂದ. ಅವಳ ಮಾತು ಹಂಗೇ ಹೇಳ್ತೀನಿ: 'ಜೋರಾಗಿ ಅನಬ್ಯಾಡ. ತಾ ಸತ್ತೀನಿ ಅಂತ ಅಕಿಗೆ ಗೊತ್ತಿಲ್ಲ. ಗೊತ್ತಾದ್ರ ಬಿಟ್ಟು ಹೋಗ್ತಾಳ.'"

ಕಥೆ ಹೇಳುವುದನ್ನು ನಾನು ಕಲಿತದ್ದು ಹಿರಿಯರಿಂದ. ಅವಸರ ಮಾಡದೆ, ಕೇಳುವವರ ಮುಖ ನೋಡುತ್ತ ಹೇಳುವುದನ್ನು ಅಜ್ಜ ಅಜ್ಜಿ ಕಲಿಸಿದರು. ಎಲ್ಲಿ ದನಿ ಇಳಿಸಬೇಕು ಎಂಬುದನ್ನು ಕಲಿಸಿದವಳು ರೊಟ್ಟಿಯವ್ವ. ಆ ಋಣ ತೀರುವಂಥದ್ದಲ್ಲ. ಅವಳ ಕಥೆಯನ್ನು ಮದುವೆ ಮನೆಗಳಲ್ಲಿ, ರೈಲಿನಲ್ಲಿ, ಆಸ್ಪತ್ರೆಯ ಬೆಂಚುಗಳ ಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ. ಆ ಸಂಜೆ ಗುಡ್ಡದಿಂದ ಇಳಿದು ಬಂದವರು ಇಬ್ಬರು ಎಂದೇ ಈಗಲೂ ಹೇಳುತ್ತೇನೆ.

ಮೂವರು ಎಂಬುದನ್ನು ಬಾಯಿಬಿಟ್ಟು ಯಾರಿಗೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಅಷ್ಟೇ. ನೀವೂ ಮನಸ್ಸಿನಲ್ಲೇ ಓದಿಕೊಳ್ಳಿ.